ದುಂಡು ಮುಖದ ಮಾತ್ರೆ

ಬೆಂಗಳೂರಿನ ಡಾಕ್ಟರು ಎರಡು ಬಗೆಯ ಮಾತ್ರೆ ಬರೆದುಕೊಟ್ಟಿದ್ದರು. ನನ್ನ ಕರುಳಿನ ಹುಣ್ಣಿಗೆ ಜೀವ ಇರುವವರೆಗೂ ದಿನಾ ನುಂಗಬೇಕಾದದ್ದು ಒಂದು. ರಕ್ತಭೇದಿ ನಿಲ್ಲಲಿ ಅಂತ ಕೆಲವೇ ವಾರ ನುಂಗಬೇಕಾದ ಸ್ಟಿರಾಯ್ಡು ಇನ್ನೊಂದು. ಮೊದಲನೆಯದಕ್ಕೆ ಅಣ್ಣನ ಅರ್ಧ ಸಂಬಳ ಬೇಕು, ಎರಡನೆಯದು ಟೀ ಕಾಸಿಗೆ ಬರುತ್ತದೆ. ಯಾವುದನ್ನು ಬಿಟ್ಟು ಯಾವುದನ್ನು ಇಟ್ಟುಕೊಂಡೆವು ಅಂತ ಬಿಡಿಸಿ ಹೇಳಬೇಕೆ?

ಅಣ್ಣ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಪೇಂಟ್ ಹೊಡೆಯುತ್ತಿದ್ದ. ಬರುವಾಗ ಬಂಗಾರಪೇಟೆಯಲ್ಲಿ ಹಳೇ ಚೀಟಿ ತೋರಿಸಿ ಆ ಅಗ್ಗದ ಶೀಟನ್ನೇ ತರುತ್ತಿದ್ದ. "ರಕ್ತ ನಿಂತೈತಲ್ಲಮ್ಮಾ, ಮತ್ತಿನ್ನೇನು?" ಅನ್ನುತ್ತಿದ್ದ. ನಿಂತಿದ್ದಂತೂ ನಿಜ.

ನಾಲ್ಕು ತಿಂಗಳಾಗುವಷ್ಟರಲ್ಲಿ ನನ್ನ ಕೆನ್ನೆ ಪೂರಿ ಹಾಗೆ ಉಬ್ಬಿತು. ನರಪೇತಲಿ ಅಂತ ಆಡಿಕೊಳ್ಳುತ್ತಿದ್ದ ನಮ್ಮ ಊರಿಗಾಂ ಗಣಿ ಲೈನುಮನೆಗಳ ಹೆಂಗಸರೇ "ಮುಖಕ್ಕೆ ಕಳೆ ಬಂತು" ಅಂದರು. ಅಮ್ಮ ದೃಷ್ಟಿ ತೆಗೆದಳು. ಈ ಸ್ಟಿರಾಯ್ಡಿಗೆ ಮುಖ ಊದುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ಆದರೂ ಕನ್ನಡಿ ಬಿಟ್ಟು ಏಳುತ್ತಿರಲಿಲ್ಲ. ಥೂ, ನನ್ನ ಬುದ್ಧಿಗಿಷ್ಟು!

ಕಾಮಸಮುದ್ರದಿಂದ ಹೆಣ್ಣು ನೋಡಲು ಬಂದರು. ಗಂಡಿನ ತಾಯಿ ನನ್ನ ಗಲ್ಲ ಹಿಡಿದು, "ಉಡುಗಿ ಮೈಕೈ ತುಂಬ್ಕೊಂಡವ್ಳೆ, ನಮ್ಗೊಪ್ಗೆ" ಅಂದಳು. ಅವರು ಬಸ್ಸು ಹತ್ತಿದ್ದೇ ತಡ, ಅಮ್ಮ ನನ್ನ ಅಂಗೈಗೆ ಮಾತ್ರೆ ಹಾಕಿದಳು. "ತಾಳಿ ಬೀಳೋಗಂಟ ಬಿಡಬ್ಯಾಡ ಕಣೆ. ಮುಖ ಇಳಿದೋದ್ರೆ ಯಾರ್ ಬತ್ತಾರೆ?" ಅಂದಳು. ಅವತ್ತು ನಾನು ಒಂದು ಹೆಚ್ಚಿಗೇ ನುಂಗಿದೆ.

ಆಮೇಲೆ ಎಡ ತೊಡೆಸಂದಿಯಲ್ಲಿ ನೋವು ಶುರುವಾಯಿತು. ಬಿಂದಿಗೆ ಹೊತ್ತು ಹೊತ್ತು ಬಂದಿದ್ದು ಅಂದುಕೊಂಡು ನೀಲಗಿರಿ ಎಣ್ಣೆ ತಿಕ್ಕಿದೆವು. ನಿಶ್ಚಿತಾರ್ಥದ ದಿನ ಮಣೆ ಹಾಕಿ, ಕಾಲು ಮಡಚಿ ಕೂತುಕೋ ಅಂದರು. ಮಡಚಿದೆ. ಸೊಂಟಕ್ಕೆ ಬೆಂಕಿ ಬಿದ್ದ ಹಾಗಾಗಿ ತಾಂಬೂಲದ ತಟ್ಟೆಯ ಮೇಲೇ ಉರುಳಿದೆ. ಗಂಡಿನ ತಾಯಿ ನನ್ನನ್ನು ನೋಡಲೂ ಇಲ್ಲ. "ಕುಂಟೀನ ಕೊಬ್ಬಿಸಿ ನಮ್ ತಲೆಗೆ ಕಟ್ಟಾಕೆ ನೋಡಿದ್ರಾ?" ಅಂತ ಅಮ್ಮನನ್ನು ಕೇಳಿ, ತಂದಿದ್ದ ಸೀರೆಯನ್ನು ವಾಪಸ್ಸು ಬ್ಯಾಗಿಗೆ ತುರುಕಿಕೊಂಡಳು.

ಸ್ಟಿರಾಯ್ಡಿನಿಂದ ಎಡಗಡೆ ಸೊಂಟದ ಮೂಳೆ ಸತ್ತಿದೆ, ಕೀಲು ಬದಲಾಯಿಸಬೇಕು, ಇನ್ನು ಇದನ್ನು ಬಿಟ್ಟು ದಿನಾ ನುಂಗುವ ಆ ದುಬಾರಿ ಮಾತ್ರೆಯನ್ನೇ ನುಂಗಬೇಕು ಅಂದರು ಬೆಂಗಳೂರಿನ ಡಾಕ್ಟರು. ಅಣ್ಣ ಆಸ್ಪತ್ರೆಯ ಕೌಂಟರಿನಲ್ಲಿ ಸರ್ಕಾರದ ಆರೋಗ್ಯ ಕಾರ್ಡು ಚಾಚಿದ. ಆಪರೇಷನ್ನು ಕಾರ್ಡಿನಲ್ಲೇ ಆಗುತ್ತದೆ, ಕಾಸು ಕಟ್ಟಬೇಕಿಲ್ಲ ಅಂದರು. "ಕರುಳಿನ ಮಾತ್ರೆ?" ಅಂತ ನಾನು ಕೇಳಿದೆ. ಮನೆಗೆ ಒಯ್ಯುವ ಮಾತ್ರೆಗೆ ಕಾರ್ಡು ನಡೆಯುವುದಿಲ್ಲವಂತೆ. ಅಮ್ಮ ಮಾತ್ರ ಕೌಂಟರಿಗೇ ಕೈಮುಗಿದು, "ದೇವ್ರು ದೊಡ್ಡೋನು, ಪುಕ್ಕಟೆ ಆಯ್ತು" ಅಂದಳು. ಅವಳ ಮೇಲೆ ನನಗೆ ಹೇಸಿಗೆಯಾಯಿತು.

ಅವತ್ತು ವಾಪಸ್ಸು ಬರುತ್ತಾ ಬಂಗಾರಪೇಟೆಯಲ್ಲಿ ಇಳಿದಾಗ ಅಣ್ಣ ಮೆಡಿಕಲ್ ಸ್ಟೋರಿನ ಮುಂದೆ ನಿಂತ. ನನ್ನ ಕಡೆ ತಿರುಗಿ, "ಯಾವ್ದು ತರ್ಲಮ್ಮಾ?" ಅಂದ. ಇಷ್ಟು ದಿನದಲ್ಲಿ ಅವನು ನನ್ನನ್ನು ಕೇಳಿದ್ದು ಅದೇ ಮೊದಲು.

"ಅಗ್ಗದ್ದೇ ತಾ," ಅಂದೆ. "ಬಲಗಡೆ ಸೊಂಟ ಇನ್ನೂ ಗಟ್ಟಿಗೈತಲ್ಲ, ಅದೋದ್ರೂ ಕಾರ್ಡೈತೆ."

ಅವನು ಒಳಗೆ ಹೋಗಿ ಅದನ್ನೇ ತಂದ.