ಮೊದಲನೆಯ ಸಾಲಿನ ಹಿಂದೆ ನಿಂತವರು

ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷಕ್ಕೆ, ದೊಡ್ಡಾಸ್ಪತ್ರೆಯ ದಾಖಲೆ ವಿಭಾಗದಲ್ಲಿ, ಕಂಪ್ಯೂಟರ್ ಅಕ್ಕ ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಕೀಬೋರ್ಡಿನ ಸಂದುಗಳ ಧೂಳು ತೆಗೆಯುತ್ತಿದ್ದಳು. ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಆ ನಿಮಿಷದಲ್ಲಿ ನಡೆದ ಹುಡುಕಾಟ ಅವಳೇ ಬರೆದ ಪ್ರೋಗ್ರಾಮಿನ ಲಾಗ್‌ನಲ್ಲಿ, ಅಂದರೆ ಪ್ರತಿ ಹುಡುಕಾಟವೂ ತಾನಾಗಿ ದಾಖಲಾಗುವ ಕಡತದಲ್ಲಿ, ಇವತ್ತಿಗೂ ಇದೆ.

ಹುಡುಕಿಸಿದವರು ಮೂರನೇ ಮಹಡಿಯ ವಾರ್ಡಿನ ಸಿಸ್ಟರ್. ಕಿಟಕಿಯ ಹೊರಗೆ ನಿಲ್ಲುವ ತಾಳ್ಮೆ ಅವರಿಗಿರಲಿಲ್ಲ, ನೇರ ಒಳಗೇ ಬಂದರು.

"ಅಕ್ಕಾ, ನಮ್ಮ ಹದಿನಾಲ್ಕನೇ ಬೆಡ್ಡಿನ ಮನುಷ್ಯ ನಿಮ್ಮ ಡಬ್ಬದಲ್ಲಿ ಇದಾನೋ ಇಲ್ವೋ ನೋಡಿ. ಐದು ವರ್ಷ ಆಗ್ತಾ ಬಂತು, ಒಂದು ನರಪಿಳ್ಳೆ ಹುಡುಕ್ಕೊಂಡು ಬಂದಿಲ್ಲ."

"ಇರಲೇಬೇಕು ಸಿಸ್ಟರ್. ಅವನ ಫೋಟೋ ನಾನೇ ಸೇರಿಸಿದ್ದು."

ಕಿಟಕಿಯ ಗುಮಾಸ್ತನನ್ನು ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದರು. ಮೀಸೆ ಬೋಳಿಸಿ ಹತ್ತು ವರ್ಷವಾಗಿದ್ದರೂ ಹೆಸರು ಉದುರಿರಲಿಲ್ಲ. ಅವನು ಎರಡೇ ಬೆರಳಲ್ಲಿ ಟೈಪ್ ಮಾಡಿದ: ಗಂಡು, ಮೂವತ್ತರಿಂದ ನಲವತ್ತು, ಎಡ ಹುಬ್ಬಿನ ಮೇಲೆ ಗಾಯದ ಕಲೆ. ಪರದೆಯ ಮೇಲೆ ಕಣ್ಣು ಮುಚ್ಚಿದ ಒಂದು ಮುಖ ಬಂತು.

"ಇವನಲ್ಲ ಕಣ್ರೀ," ಎಂದರು ಸಿಸ್ಟರ್. "ಇವನು ಹೋಗಿಬಿಟ್ಟೋನು. ನಮ್ಮೋನು ಈಗಷ್ಟೇ ನನ್ನ ಕೈಮೇಲೆ ಹಾಲು ಚೆಲ್ಲಿದಾನೆ."

"ಹಾಗಾದ್ರೆ ನಿಮ್ಮೋನು ಇದರಲ್ಲಿ ಇಲ್ಲ ಅಂತ ಅರ್ಥ," ಮೀಸೆ ಹೇಳಿದ. "ಇದ್ದಿದ್ರೆ ಬರ್ತಿದ್ದ. ನಮ್ಮ ಅಕ್ಕನ ಮೆಷಿನ್ನು ಸುಳ್ಳು ಹೇಳಲ್ಲ."

ಅಕ್ಕನ ಕೈಯಲ್ಲಿದ್ದ ಬ್ರಷ್ಷು ಅಲ್ಲೇ ನಿಂತಿತು. ಏನಾಗಿದೆ ಎಂದು ತಿಳಿಯಲು ಅವಳಿಗೆ ಪರದೆ ನೋಡಬೇಕಾಗಿಯೂ ಇರಲಿಲ್ಲ.

ಅವಳಿಗಾಗ ಐವತ್ತೊಂದು. ಗಣಿತದ ಪದವಿ ಮುಗಿಸಿ ಇಲ್ಲಿಗೆ ರಿಜಿಸ್ಟರ್ ಬರೆಯುವ ಕೆಲಸಕ್ಕೆ ಸೇರಿದವಳು. ಆಸ್ಪತ್ರೆಗೆ ಕಂಪ್ಯೂಟರ್ ಬಂದಾಗ ಉಳಿದವರು ಅದಕ್ಕೆ ಬಟ್ಟೆ ಹೊದಿಸಿಟ್ಟರೆ ಇವಳು ಆರು ತಿಂಗಳ ಸಂಜೆ ತರಗತಿಗೆ ಹೋಗಿ ಬಂದಳು. ವೆಬ್ ಪ್ರೋಗ್ರಾಂ ಬರೆಯುವುದಕ್ಕೆ ಒಂದು ಸಿದ್ಧ ಚೌಕಟ್ಟು ಸಿಗುತ್ತದೆ, ಫ್ರೇಮ್‌ವರ್ಕ್ ಎನ್ನುತ್ತಾರೆ. ಅದನ್ನು ಇಟ್ಟಿಗೆ ದಪ್ಪದ ಪುಸ್ತಕವೊಂದರಿಂದ ಕಲಿತು, ಗುರುತು ಸಿಗದವರ ದಾಖಲೆಯನ್ನು ಒಬ್ಬಳೇ ಕಟ್ಟಿದಳು. ರಸ್ತೆಯಲ್ಲಿ, ರೈಲಿನಲ್ಲಿ, ನದಿಯ ದಂಡೆಯಲ್ಲಿ ಸಿಕ್ಕವರು, ಹೆಸರು ಹೇಳಲಾಗದೆ ಆಸ್ಪತ್ರೆ ಸೇರಿದವರು, ಇಲ್ಲವೇ ಶವಾಗಾರ ಸೇರಿದವರು. ಒಬ್ಬೊಬ್ಬರಿಗೆ ಡೇಟಾಬೇಸಿನಲ್ಲಿ ಒಂದೊಂದು ಸಾಲು. ಮನೆಯವರು ಕಿಟಕಿಗೆ ಬಂದು ವಯಸ್ಸು, ಗುರುತು ಹೇಳುತ್ತಾರೆ. ಮೀಸೆ ಟೈಪ್ ಮಾಡುತ್ತಾನೆ. ಪರದೆ ಅವರ ಕಡೆ ತಿರುಗುತ್ತದೆ.

ಸಾಲುಗಳನ್ನು ಕೇಳುವ ಬಗೆಯನ್ನು ಅವಳು ಒಮ್ಮೆ ಮೀಸೆಗೆ ಶಾಲೆಯ ಹಾಜರಿಯಂತೆ ವಿವರಿಸಿದ್ದಳು. 'ಒಂದನ್ನು ಕೊಡು' ಎಂದರೆ ಒಬ್ಬನೇ ಎದ್ದು ನಿಲ್ಲಬೇಕು. ಯಾರೂ ಏಳದಿದ್ದರೆ, ಅಥವಾ ಇಬ್ಬರು ಎದ್ದರೆ, ಪ್ರೋಗ್ರಾಂ ಗಾಬರಿಯಾಗಿ ನಿಂತುಬಿಡುತ್ತದೆ, ಪರದೆ ಕೆಂಪಾಗುತ್ತದೆ. 'ಎಲ್ಲವನ್ನೂ ಕೊಡು' ಎಂದರೆ ಎಷ್ಟು ಜನ ಎದ್ದರೂ ಅಷ್ಟನ್ನೂ ಪಟ್ಟಿ ಮಾಡಿ ಕೊಡುತ್ತದೆ. ಮೂರನೆಯದು 'ಮೊದಲನೆಯದನ್ನು ಕೊಡು'. ಎಷ್ಟು ಜನ ಎದ್ದರೂ ಮುಂದೆ ನಿಂತವನನ್ನು ಕರೆದುಕೊಂಡು ಬರುತ್ತದೆ, ಹಿಂದಿನವರ ಬಗ್ಗೆ ಉಸಿರೆತ್ತುವುದಿಲ್ಲ.

ಅವಳು ಮೊದಲು ಬರೆದದ್ದು 'ಒಂದನ್ನು ಕೊಡು' ಎಂದೇ. ಒಂದು ಸಾಲಿಗೆ ಒಬ್ಬ ಮನುಷ್ಯ, ಒಂದು ಪ್ರಶ್ನೆಗೆ ಒಂದು ಉತ್ತರ ಎನ್ನುವುದು ಅವಳ ಗಣಿತದ ಬುದ್ಧಿಗೆ ಚೊಕ್ಕವಾಗಿ ಕಂಡಿತ್ತು. ಆದರೆ ಹುಬ್ಬಿನ ಮೇಲೆ ಕಲೆ ಇರುವವನು ಲೋಕದಲ್ಲಿ ಒಬ್ಬನೇ ಇರುತ್ತಾನೆಯೇ? ಆಗಾಗ ಪರದೆ ಕೆಂಪಾಗುತ್ತಿತ್ತು.

ಆರು ವರ್ಷದ ಹಿಂದಿನ ಒಂದು ಮಧ್ಯಾಹ್ನ ಮೀಸೆ ಮತ್ತೆ ಕೂಗಿದ್ದ. "ಅಕ್ಕಾ, ನಿಮ್ಮ ಮೆಷಿನ್ನಿಗೆ ಮತ್ತೆ ಸಿಟ್ಟು ಬಂತು! ಇಲ್ಲಿ ಜನ ನನ್ನ ಮೇಲೆ ಸಿಟ್ಟಾಗ್ತಿದಾರೆ!"

ಪಟ್ಟಿ ತೋರಿಸಬೇಕೆಂದರೆ ಪುಟವನ್ನೇ ಹೊಸದಾಗಿ ಬರೆಯಬೇಕು, ಎರಡು ದಿನದ ಕೆಲಸ. ಅವಳ ಮೇಜಿನ ಮೇಲೆ ತಿಂಗಳ ಕೊನೆಯ ವರದಿಗಳು ಕಾದಿದ್ದವು. ಮುಂದಿನ ವಾರ ಸರಿಯಾಗಿ ಮಾಡೋಣ ಎಂದುಕೊಂಡು ಪ್ರೋಗ್ರಾಮಿನ ಆ ಸಾಲಿನಲ್ಲಿ ಒಂದೇ ಪದ ಬದಲಿಸಿದಳು. 'ಒಂದನ್ನು' ಹೋಗಿ 'ಮೊದಲನೆಯದನ್ನು' ಬಂತು. ಪರದೆ ಮತ್ತೆ ಕೆಂಪಾಗಲಿಲ್ಲ. ಮೀಸೆ ಬೇರೆ ವಿಭಾಗದವರಿಗೆಲ್ಲ ಅಕ್ಕನ ಕೈಗುಣ ಹೊಗಳಿಕೊಂಡು ಬಂದ. ತೊಂದರೆ ಕೊಡದ ಕೆಲಸವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಮುಂದಿನ ವಾರ ಬರಲೇ ಇಲ್ಲ.

ಈಗ ಸಿಸ್ಟರ್ ಎದುರಿಗೇ ಅವಳು ಆ ಪದವನ್ನು 'ಎಲ್ಲವನ್ನೂ' ಎಂದು ತಿದ್ದಿ, ಕಿಟಕಿಯ ಪುಟ ಬಿಟ್ಟು ನೇರ ತನ್ನ ಯಂತ್ರದಲ್ಲಿ ಅದೇ ಹುಡುಕಾಟ ಮತ್ತೊಮ್ಮೆ ನಡೆಸಿದಳು. ಸತ್ತವನ ಮುಖದ ಕೆಳಗೆ ಇನ್ನೊಂದು ಮುಖ ಬಂತು, ಕಣ್ಣು ತೆರೆದಿದ್ದದ್ದು.

"ಹಾಂ, ಇವನೇ!" ಎಂದರು ಸಿಸ್ಟರ್. "ಇಷ್ಟು ದಿನ ಎಲ್ಲಿ ಅಡಗಿ ಕೂತಿದ್ದ?"

ಅಕ್ಕ ಎರಡೂ ಸಾಲುಗಳ ಕ್ರಮಸಂಖ್ಯೆ ನೋಡಿದಳು. ಹಳೆಯ ಸಾಲು ಮೊದಲು, ಹೊಸದು ಆಮೇಲೆ. ಅದು ಡೇಟಾಬೇಸಿನ ಸರದಿ. ಎಲ್ಲಕ್ಕಿಂತ ಹಳೆಯ ಸಾಲುಗಳನ್ನು ಅವಳು ಶವಾಗಾರದ ರಿಜಿಸ್ಟರಿನಿಂದ ಏರಿಸಿದ್ದಳು. ಹಾಗಾಗಿ ಮುಂದೆ ನಿಂತವರು ಬಹುಪಾಲು ಸತ್ತವರು. ಉಸಿರಾಡುವವರು ಅವರ ಬೆನ್ನ ಹಿಂದೆ. ಕಿಟಕಿಗೆ ಬಂದವರು ಎದೆ ಗಟ್ಟಿಮಾಡಿಕೊಂಡು ಪರದೆ ನೋಡುತ್ತಿದ್ದರು, ತಮ್ಮವರಲ್ಲದ ಹೆಣದ ಮುಖ ಕಂಡು ನಿಟ್ಟುಸಿರು ಬಿಡುತ್ತಿದ್ದರು, 'ಸದ್ಯ, ಇವನಲ್ಲ' ಎಂದು ಹಗುರಾಗಿ ಮನೆಗೆ ಹೋಗುತ್ತಿದ್ದರು. ಹಾಗೆ ಹಗುರಾಗಿ ಹೋದವರ ಬೆನ್ನುಗಳನ್ನು ಅವಳು ಆರು ವರ್ಷ ನೋಡಿದ್ದಳು. ಕೆಲವೊಮ್ಮೆ ಅವರ ಜೊತೆ ಅವಳೂ ನಿಟ್ಟುಸಿರು ಬಿಟ್ಟದ್ದುಂಟು.

ಸಂಜೆಯೊಳಗೆ ಅವಳು ಇಡೀ ಲಾಗ್ ಸೋಸಿದಳು. ಆರು ವರ್ಷದಲ್ಲಿ ಎರಡು ಸಾವಿರದ ಒಂಬೈನೂರ ಹದಿನಾಲ್ಕು ಹುಡುಕಾಟ. ಅದರಲ್ಲಿ, ಸಿಸ್ಟರ್ ಮಾಡಿಸಿದ್ದನ್ನು ಬಿಟ್ಟು, ಒಂದಕ್ಕಿಂತ ಹೆಚ್ಚು ಸಾಲು ಹೊಂದಿದ್ದು ನಲವತ್ತಮೂರಕ್ಕೆ.

ಮೇಲಧಿಕಾರಿ ಕೆಟ್ಟವರೇನಲ್ಲ. ಪೂರ್ತಿ ಕೇಳಿಸಿಕೊಂಡು ಕನ್ನಡಕ ಒರೆಸಿದರು. "ಸರಿ ಮಾಡಿದ್ದಾಯ್ತಲ್ಲಮ್ಮ. ಇನ್ಯಾಕೆ ಕೆದಕ್ತೀರಿ? ನಿಮ್ಮನ್ನ ಯಾರಾದ್ರೂ ಕೇಳಿದ್ರಾ?"

"ಕೇಳಿದ್ರು ಸಾರ್. ನಲವತ್ತಮೂರು ಸಲ."

ಲಾಗ್‌ನಲ್ಲಿ ಹೊತ್ತು ಇತ್ತು, ಗುರುತುಗಳಿದ್ದವು, ಕೇಳಿದವರು ಯಾರೆಂದು ಇರಲಿಲ್ಲ. ಅದು ಇದ್ದದ್ದು ಮೀಸೆಯ ಪುಸ್ತಕದಲ್ಲಿ. ಪುಸ್ತಕವಿಲ್ಲದ ಕೆಲಸ ಕೆಲಸವೇ ಅಲ್ಲ ಎಂದು ನಂಬಿದ್ದ ಅವನು ಬಂದವರ ಹೆಸರು, ಫೋನು, ಬಂದ ಗಂಟೆ ಎಲ್ಲವನ್ನೂ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರದಲ್ಲಿ ಗೀಚಿಡುತ್ತಿದ್ದ. ಅಕ್ಕ ಎಷ್ಟೋ ಸಲ ಅದನ್ನು ಆಡಿಕೊಂಡಿದ್ದಳು. ಈಗ ಇಬ್ಬರೂ ಪಕ್ಕಪಕ್ಕ ಕೂತು ನಿಮಿಷಕ್ಕೆ ನಿಮಿಷ ಹೊಂದಿಸತೊಡಗಿದರು. ಮೂವತ್ತಾರು ಜನರ ವಿಳಾಸವೋ ಫೋನೋ ಸಿಕ್ಕಿತು. ಉಳಿದ ಏಳು ಕಡೆ ಮೀಸೆ ಬರೆದದ್ದು ಇಷ್ಟೇ: 'ಹೆಸರು ಬೇಡ ಅಂದರು'. 'ಕಂಕುಳಲ್ಲಿ ಮಗು'. 'ಬಸ್ಸಿಗೆ ಹೊತ್ತಾಯ್ತು ಅಂತ ಓಡಿದರು'.

"ಇದು ನನ್ನಿಂದಲೂ ಆದದ್ದೇ ಅಲ್ವಾ ಅಕ್ಕಾ?" ಮೀಸೆ ಪುಸ್ತಕದಿಂದ ತಲೆ ಎತ್ತದೆ ಕೇಳಿದ. "ಸಿಟ್ಟು ಬಂತು ಅಂತ ಕೂಗಿದ್ದು ನಾನೇ."

"ನೀನು ಕೂಗಿದ್ದು ಸರಿಯಾಗೇ ಇತ್ತಪ್ಪ. ನಾನು ಅದರ ಬಾಯಿ ಮುಚ್ಚಿಸಿದೆ."

ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮನೆಯಲ್ಲಿ ಇದನ್ನೆಲ್ಲ ಕೇಳಿ, "ಅಳತೆ ಮಾಡದೆ ಉಪ್ಪು ಹಾಕೋಳಲ್ಲ ನೀನು," ಎಂದಷ್ಟೇ ಹೇಳಿದ. ತಮಾಷೆಗೆ ಶುರು ಮಾಡಿದ ಮಾತು ಅರ್ಧದಲ್ಲೇ ದಾರಿ ತಪ್ಪಿತ್ತು. ಆ ವಾರದಿಂದ ಅವಳಿಗೆ ಎಲ್ಲಿ ಸಾಲು ಕಂಡರೂ ಕಾಲು ನಿಲ್ಲುತ್ತಿತ್ತು. ಹಾಲಿನ ಅಂಗಡಿಯ ಮುಂದೆ, ಬಸ್ಸಿನ ಬಾಗಿಲಲ್ಲಿ, ಮುಂದೆ ನಿಂತವನನ್ನು ಬಿಟ್ಟು ಪಕ್ಕಕ್ಕೆ ಬಾಗಿ ಹಿಂದೆ ಯಾರಿದ್ದಾರೆಂದು ನೋಡುವಳು. "ಏನಮ್ಮಾ, ಯಾರನ್ನ ಹುಡುಕ್ತಿದೀರಿ?" ಎಂದು ಯಾರೋ ಕೇಳಿದರೆ ಏನು ಹೇಳುವುದು? ಕಚೇರಿಯಲ್ಲಿ ಕಿಟಕಿಯ ಹೊರಗೆ ಯಾರೂ ಇಲ್ಲದಾಗಲೂ ಜನ ನಿಂತಂತೆ ಅವಳ ಕತ್ತು ಬಿಸಿಯಾಗುತ್ತಿತ್ತು. ತಿರುಗಿ ನೋಡಿದರೆ ಸರಳು, ಅದರಾಚೆ ಖಾಲಿ ಬೆಂಚು.

ಹದಿನಾಲ್ಕನೇ ಬೆಡ್ಡಿನವನ ಗುರುತುಗಳನ್ನು ಹೇಳಿ ಹುಡುಕಿಸಿದವನು ನಾಲ್ಕು ವರ್ಷದ ಹಿಂದೆ ಬಂದಿದ್ದ. ಅವನ ಫೋನು ಸತ್ತಿತ್ತು. ಪುಸ್ತಕದಲ್ಲಿ 'ಬೀಗದ ಅಂಗಡಿ, ಹಳೇ ಬಸ್ ನಿಲ್ದಾಣದ ಹಿಂದೆ' ಎಂದಿತ್ತು. ಶನಿವಾರ ಅರ್ಧ ದಿನ ರಜೆ ಹಾಕಿ ಅಕ್ಕ ಅಲ್ಲಿಗೆ ಹೋದಳು. ಅಂಗಡಿ ಎಂದರೆ ಒಂದು ಮೇಜು, ಅದರ ಮೇಲೆ ತಗಡಿನ ಮಾಡು, ಸುತ್ತ ತೂಗುಬಿಟ್ಟ ಕೀಲಿಗಳು. ಅವನು ಅರದಿಂದ ಒಂದು ಕೀಲಿ ಉಜ್ಜುತ್ತಿದ್ದ.

"ಯಾವ ಬೀಗ ಅಕ್ಕಾ?"

"ಬೀಗಕ್ಕಲ್ಲ. ನೀವು ಒಂದು ಸಲ ದೊಡ್ಡಾಸ್ಪತ್ರೆಗೆ ಬಂದಿದ್ರಿ. ನಿಮ್ಮ ಅಣ್ಣನ್ನ ಹುಡುಕ್ಕೊಂಡು."

ಅರ ನಿಂತಿತು. "ಅವನು ಇರಲಿಲ್ಲವಲ್ಲ. ಫೋಟೋ ತೋರಿಸಿದ್ರು. ಬೇರೆ ಯಾರೋ."

ಅವಳು ಬರುವ ದಾರಿಯಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದಳು. ಅವನ್ನೆಲ್ಲ ಬದಿಗಿಟ್ಟಳು. "ಫೋಟೋ ಎರಡಿದ್ವು," ಎಂದಳು. "ನಿಮಗೆ ಒಂದೇ ತೋರಿಸಿದ್ವಿ. ಹಾಗೆ ಬರೆದೋಳು ನಾನು. ಎರಡನೇದು ನಿಮ್ಮ ಅಣ್ಣನದೇ ಅಂತ ಕಾಣುತ್ತೆ. ಬದುಕಿದಾರೆ."

ಬೀಗದವನು ಎದ್ದ, ಮತ್ತೆ ಕೂತ. ಕೀಲಿಯನ್ನು ಅಂಗಿಗೆ ಒರೆಸಿ, ಮತ್ತೆ ಮತ್ತೆ ಒರೆಸಿ, ಮೇಜಿನ ಮೇಲಿಟ್ಟ. "ಅವತ್ತು ಎಷ್ಟು ಖುಷಿಯಲ್ಲಿ ಹೋದೆ ಗೊತ್ತಾ? ಅಮ್ಮನಿಗೆ ಹೇಳಿದೆ, ಸತ್ತೋರಲ್ಲಿ ಅಣ್ಣ ಇಲ್ಲಮ್ಮಾ, ಎಲ್ಲೋ ಚೆನ್ನಾಗಿದಾನೆ ಅಂತ. ಅವಳು ಅದನ್ನೇ ಹಿಡ್ಕೊಂಡು ಎರಡು ವರ್ಷ ಬಾಗಿಲು ಹಾಕೋಕೆ ಬಿಡಲಿಲ್ಲ. ಬೀಗ ಮಾಡೋನ ಮನೆಗೆ ಬೀಗ ಇಲ್ಲ ಅಂತ ಬೀದಿಯೆಲ್ಲ ನಗ್ತಿತ್ತು." ಮೇಜಿನ ಮೇಲಿನ ಕೀಲಿಯನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದ, "ಈಗ ಹಾಕ್ತೀನಿ. ಅವಳು ಹೋದ್ಮೇಲೆ."

ಇಬ್ಬರೂ ಬಸ್ಸಿನಲ್ಲಿ ಬಂದರು. ಮೂರನೇ ಮಹಡಿಯಲ್ಲಿ ಸಿಸ್ಟರ್ ಮಂಚದ ಬಟ್ಟೆಪರದೆ ಸರಿಸಿದರು. ತಲೆಗೆ ಪೆಟ್ಟು ಬಿದ್ದು ಮಾತು ಹೋದ ಆ ಮನುಷ್ಯ ಗೋಡೆಗೊರಗಿ ಕೂತಿದ್ದ. ಬೀಗದವನು ಹತ್ತಿರ ಹೋಗಿ "ಅಣ್ಣಾ" ಎಂದ. ಅಣ್ಣ ಅವನ ಮುಖ ನೋಡಲಿಲ್ಲ. ಅವನ ಕೈ ಹಿಡಿದೆಳೆದು, ಉಗುರಿನಲ್ಲಿದ್ದ ಕಬ್ಬಿಣದ ಕಪ್ಪನ್ನು ತನ್ನ ಹೆಬ್ಬೆರಳಿನಿಂದ ಕೆರೆಯತೊಡಗಿದ, ಊಟಕ್ಕೆ ಮೊದಲು ತಮ್ಮನ ಕೈ ತೊಳೆಸುವವನಂತೆ.

ಕೈ ಬಿಡಿಸಿಕೊಳ್ಳದೆಯೇ ಬೀಗದವನು ಅಕ್ಕನ ಕಡೆ ತಿರುಗಿದ. ಬೈಯುತ್ತಾನೆ ಎಂದು ಅವಳು ಕಾದಿದ್ದಳು. ಬೈದಿದ್ದರೆ ಒಳ್ಳೆಯದಿತ್ತು.

"ನಾನು ಕಿಟಕಿ ಹತ್ರ ನಿಂತಿದ್ದಾಗ ಇವನು ಇದೇ ಮಂಚದ ಮೇಲಿದ್ನಾ?"

"ಇದೇ ಮಂಚ."

"ಕೂಗಿದ್ರೆ ಕೇಳಿಸ್ತಿತ್ತೇನೋ," ಎಂದ ಅವನು, ತನಗೇ ಹೇಳಿಕೊಂಡಂತೆ.

ಮೂವತ್ತಾರು ಜನರಿಗೂ ಅವಳು ಹಾಗೆಯೇ, ಒಬ್ಬೊಬ್ಬರಾಗಿ, ತಾನೇ ಹೇಳಿದಳು. ಮೂವತ್ತಮೂರು ಮಂದಿ ಎರಡನೆಯ ಮುಖ ನೋಡಿ ಇಲ್ಲವೆಂದು ತಲೆಯಾಡಿಸಿದರು, ಅದೂ ಅವರ ಮನೆಯವರದಲ್ಲ. ಒಬ್ಬ ಮುದುಕಿಯ ಮಗಳು ದೂರದ ಆಶ್ರಯಧಾಮದಲ್ಲಿ ಸಿಕ್ಕಳು. ಇನ್ನೊಬ್ಬರು ಹುಡುಕಿದ್ದ ಗಂಡ ಅವರು ಕಿಟಕಿಗೆ ಬಂದು ಹೋದ ಹನ್ನೊಂದನೇ ದಿನ ವಾರ್ಡಿನಲ್ಲೇ ತೀರಿಕೊಂಡಿದ್ದ. ಆ ಹೆಂಗಸು ಹನ್ನೊಂದು ದಿನ ಎಣಿಸಲು ಬೆರಳು ಮಡಿಸುವವಳಂತೆ ಎರಡೂ ಕೈ ಮುಂದೆ ಹಿಡಿದು, ಮಡಿಸದೆ, ಹಾಗೇ ಕೂತಿದ್ದಳು.

ಹೆಸರು ಬಿಡದೆ ಹೋದ ಆ ಏಳು ಜನರಿಗಾಗಿ ಅಕ್ಕ ಆಸ್ಪತ್ರೆಯ ಗೇಟಿಗೆ, ಬಸ್ ನಿಲ್ದಾಣಕ್ಕೆ ನೋಟೀಸು ಅಂಟಿಸಿದಳು. ಬಿಸಿಲಿಗೆ ಬಿಳಿಚಿದಾಗ ಹೊಸದು ಅಂಟಿಸಿದಳು. ಅವರು ಹೇಳಿದ್ದ ಗುರುತುಗಳನ್ನು ಹಾಳೆಯಲ್ಲಿ ಬರೆದು ಕಿಟಕಿಯ ಒಳಬದಿಗೆ ಹಚ್ಚಿದಳು. ಮೂರು ವರ್ಷದ ಮೇಲೆ, ಅಂದು ಕಂಕುಳಲ್ಲಿ ಮಗು ಹೊತ್ತು ಬಂದಿದ್ದವಳು ಶಾಲೆಯ ಚೀಲ ಹಾಕಿದ ಹುಡುಗಿಯ ಕೈ ಹಿಡಿದು ತಾನಾಗಿಯೇ ಮತ್ತೆ ಬಂದಳು. ಮೀಸೆ ಓಡಿಹೋಗಿ ಅಕ್ಕನನ್ನು ಕರೆತಂದ. ಎರಡನೆಯ ಮುಖ ಅವಳ ತಮ್ಮನದಾಗಿರಲಿಲ್ಲ. ಆದರೂ ಅಕ್ಕ ಹಾಳೆಯ ಏಳು ಸಾಲುಗಳಲ್ಲಿ ಅವಳದರ ಮೇಲೆ ಗೆರೆ ಎಳೆದಳು. ಉಳಿದವರು ಯಾರೂ ಬರಲಿಲ್ಲ.

ನಿವೃತ್ತಿಯ ದಿನ ಸಭಾಂಗಣದಲ್ಲಿ ಕುರ್ಚಿ ಹಾಕಿದ್ದರು. ಹೊಸ ಮೇಲಧಿಕಾರಿ ಚೀಟಿ ನೋಡಿಕೊಂಡು ಮಾತಾಡಿದರು: ಇವರ ಪ್ರೋಗ್ರಾಮಿನಿಂದ ಇನ್ನೂರ ಹದಿನೆಂಟು ಜನ ಮನೆ ಸೇರಿದ್ದಾರೆ, ಇದಕ್ಕಿಂತ ದೊಡ್ಡ ಲೆಕ್ಕ ಯಾರ ಬಳಿಯಿದೆ? ಎಲ್ಲರೂ ಚಪ್ಪಾಳೆ ತಟ್ಟಿದರು. ಸಿಸ್ಟರ್ ಎದ್ದು ನಿಂತೇ ತಟ್ಟಿದರು. ಎರಡು ಮಾತು ಹೇಳಿ ಎಂದು ಮೈಕನ್ನು ಅಕ್ಕನ ಕೈಗೆ ಕೊಟ್ಟರು. ಅವಳು ಮುಂದಿನ ಸಾಲಿನವರನ್ನು ನೋಡಲಿಲ್ಲ. ತಲೆಗಳ ಮೇಲಿಂದ ಕೊನೆಯ ಸಾಲಿನಾಚೆ, ತೆರೆದ ಬಾಗಿಲಿನ ಕಡೆ ನೋಡುತ್ತ ನಿಂತಳು. ಯಾರೋ ನೀರು ತಂದರು. ನೀರು ಬೇಡವೆಂದು ಕೈಯಾಡಿಸಿ, ಮೈಕನ್ನು ಬಾಯಿಯ ಹತ್ತಿರ ತಂದು, ಎಲ್ಲರಿಗೂ ಕೇಳುವ ಹಾಗೆ ಅವಳು ಹೇಳಿದ್ದು ಒಂದೇ ಪದ.

"ಆರು."