ಗದ್ದೆ ಬದಿಯ ಬಾಗಿಲು

ಓಡುವ ರೈಲಿನಲ್ಲಿ ಪೊನಿರಾ ಯಾವುದನ್ನೂ ಹಿಡಿದುಕೊಳ್ಳುತ್ತಿರಲಿಲ್ಲ. ಹಳಿ ಯಾವ ತಿರುವಿನಲ್ಲಿ ಎಡಕ್ಕೆ ಎಳೆಯುತ್ತದೆ, ಯಾವ ಸೇತುವೆಯ ಮೇಲೆ ಡಬ್ಬಿ ಕುಣಿಯುತ್ತದೆ ಎಂಬುದು ಅವಳ ಸೊಂಟಕ್ಕೇ ಗೊತ್ತಿತ್ತು. ಸೋಲೊ ಪಟ್ಟಣದಿಂದ ಸುರಬಾಯಾಕ್ಕೆ ಹೋಗುವ ಪ್ಯಾಸೆಂಜರಿನಲ್ಲಿ ಅನ್ನ, ಬೆಂದ ಸೊಪ್ಪು, ಮೇಲೆ ಖಾರದ ಕಡಲೆಕಾಯಿ ಚಟ್ನಿ ಸುರಿದು ಬಾಳೆಲೆಯ ದೊನ್ನೆಯಲ್ಲಿ ಮಾರುವುದು ಅವಳ ಬದುಕು. ನಿದ್ದೆಗಣ್ಣಿನ ಜನ ಅವಳ ಕೂಗಿಗಿಂತ ಮೊದಲು ಚಟ್ನಿಯ ವಾಸನೆಗೆ ಏಳುತ್ತಿದ್ದರು. ಕೋಳಿಬುಟ್ಟಿಗಳ ನಡುವೆ, ನೆಲದಲ್ಲಿ ಪತ್ರಿಕೆ ಹಾಸಿ ಮಲಗಿದವರ ಕೈಕಾಲುಗಳ ನಡುವೆ, ಅವಳು ಗದ್ದೆಯ ಕೊಕ್ಕರೆಯಂತೆ ಪಾದ ಎತ್ತಿಟ್ಟು ನಡೆಯುತ್ತಿದ್ದಳು.

ಅವಳು ಎಂಜಿನಿನ ಕಡೆಯಿಂದ ಹತ್ತಿದರೆ ಗೆಳತಿ ಲಸ್ಮಿ ಬಾಲದ ಕಡೆಯಿಂದ. ನಡುವಿನ ಡಬ್ಬಿಯಲ್ಲಿ ಎದುರಾಗುತ್ತಿದ್ದರು. ಅದೇ ಗಡಿ. ಅದನ್ನು ದಾಟಿ ಒಬ್ಬರ ಗಿರಾಕಿಗೆ ಇನ್ನೊಬ್ಬರು ಕೈ ಚಾಚಿದ್ದಿಲ್ಲ.

“ಏನಕ್ಕಾ, ಇನ್ನೂ ಅರ್ಧ ಬುಟ್ಟಿ ಹಾಗೇ ಇದೆ? ನಿನ್ನ ಮುಖ ನೋಡಿ ಅವ್ರಿಗೆ ಹಸಿವೇ ಹೋಯ್ತಾ?” ಎಂದು ಲಸ್ಮಿ ಕೆಣಕುತ್ತಿದ್ದಳು.

“ನಿನ್ನ ಕಡೆಯವ್ರು ನೀರು ನೀರು ಅಂತ ಇಲ್ಲಿಗೇ ಓಡಿ ಬಂದ್ರು ಕಣೇ. ಚಟ್ನಿ ಅರೀತೀಯೋ, ಹಗೆ ತೀರಿಸ್ಕೊಳ್ತೀಯೋ?”

ಆಮೇಲೆ ರೈಲಿನೊಳಗೆ ಮಾರಾಟ ಕೂಡದೆಂಬ ಅಪ್ಪಣೆ ಬಂತು. ಕಿಟಕಿಗಳಿಗೆ ತೆರೆಯಲಾಗದ ಗಾಜು, ಪ್ಲಾಟ್‌ಫಾರ್ಮಿನಲ್ಲಿ ಕಾವಲುಗಾರರು. ಮಾರುವವರು ಒಬ್ಬೊಬ್ಬರೇ ಬಿಟ್ಟರು. ಇವರಿಬ್ಬರು ಬಿಡಲಿಲ್ಲ. ಅವರ ಊರಿನ ಸ್ಟೇಷನ್ನಿಗೆ ಸ್ವಲ್ಪ ಮೊದಲು, ಎದುರಿನ ಎಕ್ಸ್‌ಪ್ರೆಸ್ಸಿಗೆ ದಾರಿ ಬಿಡಲು ಪ್ಯಾಸೆಂಜರು ಸಿಗ್ನಲ್ಲಿನ ಬಳಿ ನಿಲ್ಲುತ್ತದೆ. ಅಲ್ಲಿ ಗದ್ದೆಯ ಬದಿಗಿರುವ, ರೈಲಿನ ಕೊನೆಯ ಬಾಗಿಲಿನ ಚಿಲಕ ಸರಿಯಾಗಿ ಕೂರುತ್ತಿರಲಿಲ್ಲ. ಅದು ಇಬ್ಬರಿಗೇ ಗೊತ್ತಿದ್ದ ಗುಟ್ಟು.

“ಹತ್ತಿದ್ರೆ ಇಬ್ರೂ, ಬಿಟ್ರೆ ಇಬ್ರೂ,” ಎಂದು ಲಸ್ಮಿಯೇ ಅವಳ ಕೈ ಹಿಡಿದು ಹೇಳಿದ್ದಳು.

ಒಂದು ಬೆಳಿಗ್ಗೆ ಲಸ್ಮಿ ಮೊಣಕಾಲು ನೋವೆಂದು ಬರಲಿಲ್ಲ. ಪೊನಿರಾ ಒಬ್ಬಳೇ ಜಲ್ಲಿಯ ಏರು ಹತ್ತಿ ಬಾಗಿಲು ಎಳೆದಳು. ಒಳಗಿನಿಂದ ಒಂದು ಕೈ ಬುಟ್ಟಿಯನ್ನೂ ಅವಳನ್ನೂ ಮೇಲಕ್ಕೆಳೆದುಕೊಂಡಿತು. ಕಾವಲುಗಾರ.

“ಮೆಲ್ಲಗೆ ಅಮ್ಮಾ, ಬಿದ್ದೀರಿ.” ಅವನು ಬೈಯಲಿಲ್ಲ. ಖಾಲಿ ಸೀಟಿನಲ್ಲಿ ಕೂರಿಸಿದ. “ಸ್ಟೇಷನ್ನಿನಲ್ಲಿ ಇಳಿದುಬಿಡಿ. ಈ ಬಾಗಿಲಿಗೆ ಇವತ್ತೇ ಬೀಗ.”

“ನಿನಗೆ ಯಾರಪ್ಪಾ ಹೇಳಿದ್ದು?”

“ಪ್ಲಾಟ್‌ಫಾರ್ಮಲ್ಲಿ ಹೊಸ ಅಂಗಡಿ ಸಿಕ್ಕಿದೆಯಲ್ಲ, ಆ ಲಸ್ಮಮ್ಮ. ನೀವು ಬಿದ್ದುಗಿದ್ದೀರಿ ಅಂತ ಹೆದರಿಕೆ ಅವ್ರಿಗೆ. ನಿಮ್ಮ ಮೇಲೆ ತುಂಬಾ ಪ್ರೀತಿ.”

ರೈಲು ಹೊರಟಿತು. ಗಾಜಿನಾಚೆ ಗದ್ದೆಗಳು ಸದ್ದಿಲ್ಲದೆ ಜಾರಿದವು. ಗಾಳಿಯಿಲ್ಲ, ಕೆಸರಿನ ವಾಸನೆಯಿಲ್ಲ. ಎದುರು ಕೂತ ಹೆಂಗಸು ಬಗ್ಗಿ, “ಒಂದು ದೊನ್ನೆ ಕೊಡ್ತೀರಾ? ಯಾರಿಗೂ ಹೇಳಲ್ಲ,” ಎಂದು ಪಿಸುಗುಟ್ಟಿದಳು. ಪೊನಿರಾ ಅವಳ ಬಾಯಿಯನ್ನೇ ನೋಡಿದಳು. ಮಾತು ಒಳಗಿಳಿಯಲಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ಲಸ್ಮಿ ಹಸಿರು ಏಪ್ರನ್ ತೊಟ್ಟು ಓಡಿಬಂದಳು. ಮೊಣಕಾಲಿಗೆ ಏನೂ ಆಗಿರಲಿಲ್ಲ.

“ಬಯ್ಯಕ್ಕಾ, ಹೊಡಿ ಬೇಕಾದ್ರೆ. ಚಕ್ರದಡಿ ಹೋಗಿದ್ರೆ ಏನ್ಗತಿ?”

“ಅಂಗಡಿ?”

ಲಸ್ಮಿ ಏಪ್ರನ್ನಿಗೆ ಕೈ ಒರೆಸಿದಳು. “ಒಬ್ರಿಗೇ ಅಂದ್ರು. ಕದ್ದು ಹತ್ತೋರಿಗೆ ಕೊಡಲ್ಲ ಅಂದ್ರು. ನಾನು ಬಿಟ್ಟೆ ಅಂತ ನಂಬಿಸ್ಬೇಕಿತ್ತು.”

“ಅದಕ್ಕೆ ನನ್ನನ್ನ ತೋರಿಸ್ದೆ.”

“ಮೊದಲೇ ಹೇಳಿದ್ರೆ ಒಪ್ತಿದ್ಯಾ ನೀನು?”

“ಇಲ್ಲ,” ಎಂದಳು ಪೊನಿರಾ. “ಜಗಳ ಆಡ್ತಿದ್ದೆ. ಒಂದು ವಾರ ಮಾತು ಬಿಡ್ತಿದ್ದೆ. ಅಷ್ಟೇ ತಾನೇ?”

ಲಸ್ಮಿ ಅಂಗಡಿಯ ಕಡೆ ಕೈ ತೋರಿಸಿ, “ನನ್ನ ಜೊತೆಗೇ ಕೂರು. ಚಟ್ನಿ ನೀನು ಅರಿ, ನಾನು ಮಾರ್ತೀನಿ,” ಎಂದಳು.

ರೈಲು ಸುರಬಾಯಾದ ಕಡೆಗೆ ಹೋಯಿತು. ಪೊನಿರಾ ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬುಟ್ಟಿ ಕಟ್ಟುವ ಉದ್ದ ಬಟ್ಟೆಯನ್ನು ಹೆಗಲಿಗೆ ಸುತ್ತಿದಳು. ತುಂಬಿದ ಬುಟ್ಟಿ ಬೆನ್ನಿಗೇರಬೇಕಾದರೆ ಹಿಂದಿನಿಂದ ಇನ್ನೊಬ್ಬರು ಎತ್ತಬೇಕು. ಇಷ್ಟು ವರ್ಷ ಎತ್ತಿದ್ದು ಲಸ್ಮಿ. ಈಗಲೂ ಅವಳು ಅಭ್ಯಾಸಬಲದಿಂದ ಬಗ್ಗಿ ಎರಡೂ ಕೈ ನೀಡಿದಳು.

“ಏ ತಮ್ಮಾ,” ಪೊನಿರಾ ಸೂಟ್‌ಕೇಸ್ ಎಳೆದುಕೊಂಡು ಹೋಗುತ್ತಿದ್ದ ಅಪರಿಚಿತನನ್ನು ಕರೆದಳು, “ಇದನ್ನ ಸ್ವಲ್ಪ ಎತ್ತಿಕೊಡ್ತೀಯಾ?”