ಚರ್ಚಿನ ಹೊರಗಿನ ಚಪ್ಪಲಿಗಳು

ನಮ್ಮ ಮನೆತನದವರು ಪ್ರವಾಸ ಹೋಗುವುದು ಊರು ನೋಡಲಿಕ್ಕಲ್ಲ, ನೋಡಿ ಬಂದೆವು ಎಂದು ಹೇಳಲಿಕ್ಕೆ. ಇದನ್ನು ಬೇರೆ ಯಾರದೋ ಮಾತು ಎಂಬಂತೆ ಬರೆದಿದ್ದೇನೆ. ಹಾಗೆ ಬರೆಯುವ ಹಕ್ಕು ನನಗೆ ಎಷ್ಟಿದೆ ಎಂಬುದು ಮುಂದೆ ತಿಳಿಯುತ್ತದೆ.

ಎರಡು ವರ್ಷದ ಹಿಂದೆ, ಮೆಣಸಿನಕಾಯಿ ಸೀಜನ್ ಇಳಿದ ಮೇಲೆ, ಬ್ಯಾಡಗಿಯ ಕಾಕಾ ಗೋವಾಕ್ಕೆ ಹೋಗುವ ಮಾತು ತೆಗೆದರು. ಕಾಕಾ ಮೆಣಸಿನಕಾಯಿ ವ್ಯಾಪಾರಿ. ಮಾರ್ಕೆಟಿನಲ್ಲಿ ಒಂದು ಚೀಲಕ್ಕೆ ಕೈ ಹಾಕಿ, ಕಾಯಿ ಮುರಿದು, ಮೂಸಿ, ಮುಂದಿನ ಚೀಲಕ್ಕೆ ಹೋಗುವುದು ಅವರ ಕೆಲಸ. ಗೋವಾವನ್ನೂ ಹಾಗೆಯೇ ಮುಗಿಸಬಹುದೆಂದು ಅವರು ನಂಬಿದ್ದರು. ಅವರ ಮೊಬೈಲಿನಲ್ಲಿ ಹದಿಮೂರು 'ಪಾಯಿಂಟ್'ಗಳ ಪಟ್ಟಿಯಿತ್ತು. ಎರಡು ದಿನ, ಹದಿಮೂರು ಪಾಯಿಂಟ್, ಒಂದು ಬಾಡಿಗೆ ಟೆಂಪೊ ಟ್ರಾವೆಲರ್ ಗಾಡಿ, ಹನ್ನೊಂದು ಮಂದಿ. ಒಂಬತ್ತು ಮಂದಿ ಬ್ಯಾಡಗಿಯವರು, ಹಾವೇರಿಯಿಂದ ನಾನು ಮತ್ತು ಅತ್ತೆ.

ಅತ್ತೆ ಎಂದರೆ ಕಾಕಾನ ಅಕ್ಕ, ನನ್ನ ಅಪ್ಪನಿಗೂ ಅಕ್ಕ. ಗುತ್ತಲದ ಶಾಲೆಯಲ್ಲಿ ಮೂವತ್ತು ವರ್ಷ ಮಾಸ್ತರಿಕೆ ಮಾಡಿ ನಿವೃತ್ತಿಯಾದವಳು. ಸಾಮಾನ್ಯವಾಗಿ ಎಲ್ಲಿಗೆ ಕರೆದರೂ 'ನೀವ್ ಹೋಗಿ ಬರ್ರಿ' ಎನ್ನುವ ಅತ್ತೆ ಈ ಸಲ ಎಲ್ಲರಿಗಿಂತ ಮೊದಲು ಚೀಲ ಕಟ್ಟಿದ್ದಳು. ಹೊರಡುವ ಹಿಂದಿನ ದಿನ ಇಬ್ಬರೂ ಕೂತು ಕಟಕ ಜೋಳದ ರೊಟ್ಟಿಗಳನ್ನು ಡಬ್ಬಿಗೆ ತುಂಬುತ್ತಿದ್ದಾಗ ನಾನು ಕಾರಣ ಕೇಳಿದೆ.

"ಒಂದು ಸುಳ್ಳ ಐತಿ. ಅದನ್ನ ಖರೇ ಮಾಡಬೇಕಾಗೇತಿ," ಎಂದಳು.

ಕೆಲಸಕ್ಕೆ ಸೇರಿದ ಮೊದಲ ವರ್ಷ ಆಕೆ ಮಕ್ಕಳಿಗೆ ಭೂಮಿ ತಿರುಗುತ್ತದೆ ಎಂದು ಹೇಳಿಕೊಟ್ಟಳಂತೆ. ಹಿಂದಿನ ಸಾಲಿನವನೊಬ್ಬ "ನೀವು ನೋಡೀರೇನ್ರಿ ಅಕ್ಕೋರ?" ಎಂದು ಕೇಳಿದನಂತೆ. ಈಕೆ ಇಲ್ಲ ಎಂದಳು. ನೋಡದವರ ಮಾತು ನಂಬುವುದೇಕೆಂದು ಇಡೀ ವರ್ಗ ಭೂಮಿಯನ್ನೇ ಕೈಬಿಟ್ಟಿತು. ಮುಂದಿನ ವಾರ ಪೋರ್ಚುಗೀಸರ ಪಾಠ, ಗೋವಾದ ಚರ್ಚುಗಳ ಮಾತು ಬಂತು. ಮತ್ತೆ ಅದೇ ಪ್ರಶ್ನೆ.

"ಹೂಂ, ನೋಡೇನಿ ಅಂದುಬಿಟ್ನಿ. ಎಲ್ಲಾರೂ ಗಪ್ ಕುಂತು ಕೇಳಿದ್ರು ನೋಡು! ಒಮ್ಮೆ ಹೂಂ ಅಂದ ಮ್ಯಾಲ ವರ್ಷಾ ವರ್ಷಾ ಹೂಂ ಅನ್ನಬೇಕಾತು. ಬರೇ ಹೂಂ ಅಂದ್ರ ಬಿಡ್ತಾರೇನ ಹುಡುಗೂರು? ಹೆಂಗಿತ್ತು, ಎಷ್ಟ ದೊಡ್ಡದಿತ್ತು, ತಲೀ ಮ್ಯಾಲಿನ ಛತ್ತ ಕಲ್ಲಿಂದೋ ಕಟ್ಟಿಗೀದೋ... ಎಲ್ಲಾ ಹೇಳೇನಿ. ಒಮ್ಮೆ ಒಳಗ ಹೋಗಿ ನಿಂತು ನೋಡಿ ಬಂದ್ರ ಸಾಕವಾ. ಹಿಂದಿನ ಸುಳ್ಳ ಅಳಿಸಾಕ ಬರೂದಿಲ್ಲ. ಆದ್ರ ಮುಂದ ಯಾರರ ಕೇಳಿದ್ರ ಹೂಂ ಅನ್ನಾಕ ಬರ್ತೈತಿ."

ನಾನು ನಕ್ಕೆ. ನಾನು ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದವಳು; ನೋಡದ ಚರ್ಚುಗಳ ಬಗ್ಗೆ ಉದ್ದುದ್ದ ಉತ್ತರ ಬರೆದು ಪ್ರಥಮ ದರ್ಜೆ ಪಡೆದವಳು. ನನಗೆ ಯಾರೂ 'ನೋಡೀರೇನ್ರಿ' ಎಂದು ಕೇಳಿರಲಿಲ್ಲ, ಅಷ್ಟೇ ವ್ಯತ್ಯಾಸ.

ಮೊದಲ ದಿನ ಘಟ್ಟ ಇಳಿದ ಮೇಲೆ ಸಿಕ್ಕ ಪಾಯಿಂಟ್ ಒಂದು ಜಲಪಾತ. ಮೇ ತಿಂಗಳಲ್ಲಿ ಅದು ಬಂಡೆಯ ಮೇಲೆ ಯಾರೋ ತೊಳೆದು ಹಾಕಿದ ಪಂಚೆಯಂತಿತ್ತು. "ಕುಮಾರಪಟ್ಟಣದ ಹೊಳಿ ಸೇತುವಿ ಮ್ಯಾಲ ನಿಂತ್ರ ಇದಕ್ಕಿಂತ ಜಾಸ್ತಿ ನೀರ ಕಾಣ್ತೈತಿ," ಎಂದು ಕಾಕಾ ತೀರ್ಪು ಕೊಟ್ಟರು. ಆದರೂ ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು, ಹನ್ನೊಂದು ಮಂದಿಯ ಹಿಂದೆ ಜಲಪಾತ ಪೂರ್ತಿ ಮುಚ್ಚಿಹೋಗುವ ಹಾಗೆ.

ಅಲ್ಲಿಂದ ಮಸಾಲೆ ತೋಟ. ಹೂವಿನ ಅಂಗಿ ತೊಟ್ಟ ಗೈಡು ಏಲಕ್ಕಿ, ಜಾಯಿಕಾಯಿ ತೋರಿಸುತ್ತ ಬಂದು, ಒಂದು ಸಣ್ಣ ಗಿಡದ ಮುಂದೆ ನಿಂತು, ದನಿ ತಗ್ಗಿಸಿ, ಹಿಂದಿಯಲ್ಲಿ ಎಚ್ಚರಿಸಿದ: ಇದು ಮೆಣಸಿನಕಾಯಿ, ಬಹಳ ಖಾರ, ಮುಟ್ಟಿದರೆ ಕಣ್ಣಿಗೆ ಕೈ ಹಚ್ಚಬೇಡಿ. ಬ್ಯಾಡಗಿಯ ಒಂಬತ್ತು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಕಾ ಮುಂದೆ ಹೋಗಿ ಹಣ್ಣಾದ ಕಾಯಿಯೊಂದನ್ನು ಕಿತ್ತು, ಮುರಿದು, ಮೂಸಿದರು. "ಬಣ್ಣ ಇಲ್ಲ, ಸುಕ್ಕಿಲ್ಲ, ಬರೇ ಉರಿ. ನಮ್ಮ ಮಾರ್ಕೆಟ್‌ನ್ಯಾಗ ಇದಕ ಯಾರೂ ಚೀಲಾ ಬಿಚ್ಚಂತನೂ ಅನ್ನೂದಿಲ್ಲ."

ಗೈಡಿಗೆ ಭಾಷೆ ತಿಳಿಯದಿದ್ದರೂ ಧಾಟಿ ತಿಳಿಯಿತು. ಇದನ್ನು ಹಿಂದೂಸ್ತಾನಕ್ಕೆ ತಂದವರು ಪೋರ್ಚುಗೀಸರು, ಅದಕ್ಕೂ ಮೊದಲು ನಿಮ್ಮಲ್ಲಿ ಮೆಣಸಿನಕಾಯಿ ಇರಲೇ ಇಲ್ಲ ಎಂದ. ಕಾಕಾ ಕೆಂಪಾದರು.

"ಏನಂತಾನ ಇಂವಾ? ಮೆಣಸಿನಕಾಯಿ ಇಲ್ದ ನಮ್ಮ ಹಿರೇರು ರೊಟ್ಟಿಗೆ ಏನ್ ಹಚ್ಕೊಂಡ ತಿಂತಿದ್ರು?"

"ಕರಿಮೆಣಸಪಾ," ಎಂದಳು ಅತ್ತೆ. "ಖರೇ ಹೇಳಾಕತ್ತಾನ. ನಾ ಮೂವತ್ತು ವರ್ಷ ಪಾಠಾ ಮಾಡೇನಿ."

"ಹಂಗಾದ್ರ ನಮ್ಮ ಅಂಗಡ್ಯಾಗ ಆ ಪೋರ್ಚುಗೀಸರ ಫೋಟೋ ಹಾಕ್ಸಿ ಊದಿನಕಡ್ಡಿ ಹಚ್ಲೇನು?"

"ಹಚ್ಚು. ಲಕ್ಷ್ಮಿ ಫೋಟೋದ ಬಾಜೂಕ ಜಾಗಾ ಐತಿ."

ಇಡೀ ಪ್ರವಾಸದಲ್ಲಿ ಅತ್ತೆ ಒಳಗೆ ಹೋಗಿ, ನಿಂತು, ಪೂರ್ತಿ ನೋಡಿದ ಪಾಯಿಂಟ್ ಇದೊಂದೇ. ಬ್ಯಾಡಗಿಯಲ್ಲಿ ಹುಟ್ಟಿದ ಹೆಣ್ಣುಮಗಳು ಗೋವಾದಲ್ಲಿ ನೋಡಿದ್ದು ಮೆಣಸಿನಗಿಡ.

ಎರಡನೆಯ ದಿನ ಬೆಳಿಗ್ಗೆ ಹಳೇ ಗೋವಾ. ಅತ್ತೆ ಇಳಕಲ್ ಸೀರೆ ಉಟ್ಟು, ಚಾಳೀಸು ಕನ್ನಡಕ ಒರೆಸಿಕೊಂಡು, ಗಾಡಿಯಿಂದ ಮೊದಲು ಇಳಿದಳು. ಚರ್ಚಿನ ಮುಂದಿನ ಮೆಟ್ಟಿಲ ಬುಡದಲ್ಲಿ ಕಾಕಾ ಎರಡೂ ಕೈ ಅಗಲಿಸಿ ಎಲ್ಲರನ್ನೂ ನಿಲ್ಲಿಸಿದರು.

"ಚಪ್ಪಲಿ ಕಳೀರಿ. ಯಾರ ದೇವ್ರಾದ್ರೇನು, ಗುಡಿ ಗುಡೀನ."

ಈ ಮಾತಿನಲ್ಲಿದ್ದ ಒಳ್ಳೆಯತನವನ್ನು ನಾನು ಗೇಲಿ ಮಾಡಲಾರೆ. ಗೇಲಿ ಮಾಡಬೇಕಾದ್ದು ಮುಂದಿನದು. ಹಿಂದೆ ಯಾವುದೋ ಗುಡಿಯ ಮುಂದೆ ಕಾಕಾನ ಹೊಸ ಚಪ್ಪಲಿ ಕಾಣೆಯಾದಂದಿನಿಂದ ನಮ್ಮ ಮನೆಯವರು ಎಲ್ಲಿಗೆ ಹೋದರೂ ಒಬ್ಬರನ್ನು ಚಪ್ಪಲಿ ಕಾಯಲು ಹೊರಗೆ ಕೂಡಿಸುತ್ತಾರೆ. ಯಾರನ್ನು ಎಂದು ಚರ್ಚೆ ಆಗುವುದಿಲ್ಲ. ಎಲ್ಲರ ಕಣ್ಣು ಒಂದೇ ಕಡೆ ಹೋಗುತ್ತದೆ, ಆಯಿತು; ಈ ಸಲ ಅತ್ತೆಯ ಕಡೆ.

"ಅಕ್ಕಾ, ನೀ ಒಂದೀಟ ನೆರಳಾಗ ಕುಂದ್ರು. ನಾವು ಲಗೂ ನೋಡಿ ಬರ್ತೇವಿ, ಆಮ್ಯಾಲ ನೀ ಹೋಗುವಂತಿ," ಎಂದರು ಕಾಕಾ. ಬುತ್ತಿಯ ಚೀಲವನ್ನೂ ಆಕೆಯ ಪಕ್ಕದಲ್ಲಿಟ್ಟರು.

ಒಳಗೆ ಹೋದರೆ ಎಲ್ಲರ ಕಾಲಲ್ಲೂ ಬೂಟು, ಚಪ್ಪಲಿ. ಬಾಗಿಲಲ್ಲಿದ್ದ ಕಾವಲಿನವನು ನಮ್ಮ ಹತ್ತು ಜೊತೆ ಬರಿಗಾಲನ್ನು ನೋಡಿ ನಗು ತಡೆದು ದಾರಿ ಬಿಟ್ಟ. ಇಲ್ಲಿ ಚಪ್ಪಲಿ ಕಳೆಯಬೇಕಾಗಿಯೇ ಇರಲಿಲ್ಲ, ಕಾಯುವವರೂ ಬೇಕಿರಲಿಲ್ಲ.

ಇದು ನನಗೆ ಆಗಲೇ ಹೊಳೆಯಿತು. ಹೊಳೆಯಿತು ಎಂಬುದಕ್ಕೆ ಡೈರಿಯೇ ಸಾಕ್ಷಿ. 'ಇಲ್ಲಿ ಪಾದರಕ್ಷೆ ತೆಗೆಯುವ ಪದ್ಧತಿ ಇಲ್ಲ' ಎಂದು ವಿದ್ವಾಂಸಳ ಹಾಗೆ ಬರೆದುಕೊಂಡಿದ್ದೇನೆ. ಯಾರಿಗಾದರೂ ಹೇಳಿದೆನೆ? ನೆನಪು ಹೇಳುತ್ತದೆ: ಕಾಕಾಗೆ ಹೇಳಿದೆ, ಅವರು 'ಸುಮ್ನಿರು' ಎಂಬಂತೆ ಕೈ ಆಡಿಸಿದರು. ಆ ಕೈ ನನಗೆ ಸ್ಪಷ್ಟವಾಗಿ ಕಾಣುತ್ತದೆ, ಬೆರಳಿನ ಉಂಗುರದ ಸಮೇತ. ಆದರೆ ಕಾಕಾ ದಿನಕ್ಕೆ ಹತ್ತು ಸಲ ಹಾಗೆ ಕೈ ಆಡಿಸುತ್ತಾರೆ. ಬೇರೆ ಯಾವುದೋ ದಿನದ ಕೈಯನ್ನು ತಂದು ನನ್ನ ನೆನಪು ಇಲ್ಲಿ ಅಂಟಿಸಿದೆ ಎಂಬ ಅನುಮಾನ ನನಗಿದೆ. ಡೈರಿಯಲ್ಲಿ ಆ ಕೈ ಇಲ್ಲ. ಅಲ್ಲಿರುವುದು ಇಷ್ಟು: 'ಎಲ್ಲರೂ ನೋಡಿದೆವು. ಬಿಸಿಲು.'

ನಾವು ಹೊರಗೆ ಬಂದಾಗ ಅತ್ತೆಯ ಮುಂದಿದ್ದ ಚಪ್ಪಲಿಗಳು ಹೆಚ್ಚಾಗಿದ್ದವು. ಹುಬ್ಬಳ್ಳಿ ಕಡೆಯ ಇನ್ನೊಂದು ಗುಂಪು ನಮ್ಮ ಚಪ್ಪಲಿ ನೋಡಿ, ಇಲ್ಲಿ ಬಿಡಬೇಕು ಎಂದು ತಿಳಿದು ತಮ್ಮವನ್ನೂ ಬಿಟ್ಟುಹೋಗಿತ್ತು. ಅವರನ್ನು ನೋಡಿ ಮತ್ತೊಂದು ಗುಂಪು. ವಿದೇಶಿ ಗಂಡ-ಹೆಂಡತಿ ಇಬ್ಬರು, ಇದು ಇಲ್ಲಿನ ಸಂಪ್ರದಾಯ ಇರಬೇಕೆಂದು, ಬೂಟು ಬಿಚ್ಚಿಟ್ಟು ಅತ್ತೆಗೆ ಕೈ ಮುಗಿಯುತ್ತಿದ್ದರು. ಅತ್ತೆ ಎಲ್ಲವನ್ನೂ ಶಾಲೆಯ ಪ್ರಾರ್ಥನೆಗೆ ನಿಲ್ಲಿಸಿದ ಹಾಗೆ ಸಾಲಾಗಿ ಹಚ್ಚಿದ್ದಳು, ಸಣ್ಣವು ಮುಂದೆ, ದೊಡ್ಡವು ಹಿಂದೆ. ಪೋರ್ಚುಗೀಸರು ಇಷ್ಟು ವರ್ಷ ಇದ್ದೂ ಕಾಣದ ಪದ್ಧತಿಯೊಂದನ್ನು ನಾವು ಅರ್ಧ ತಾಸಿನಲ್ಲಿ ಗೋವಾದಲ್ಲಿ ನೆಲೆಗೊಳಿಸಿದ್ದೆವು.

"ಈಗ ನೀ ಹೋಗಿ ಬಾರಕ್ಕಾ," ಎಂದರು ಕಾಕಾ, ಚಪ್ಪಲಿ ಮೆಟ್ಟುತ್ತ.

ಅತ್ತೆ ಏಳಲು ಹೋದಳು. "ಇವ್ರದೆಲ್ಲಾ ಯಾರ್ ನೋಡೂದು? ನನ್ನ ನಂಬಿ ಬಿಟ್ಟ ಹೋಗ್ಯಾರಲ್ಲ," ಎಂದು ಮತ್ತೆ ಕುಳಿತಳು. ಅವರೆಲ್ಲ ಬರುವ ಹೊತ್ತಿಗೆ ಡ್ರೈವರ್ ಹಾರ್ನ್ ಹಾಕುತ್ತಿದ್ದ.

ಮ್ಯೂಸಿಯಂನಲ್ಲಿ ಚೀಲ ಒಳಗೆ ಒಯ್ಯುವಂತಿರಲಿಲ್ಲ. ಬುತ್ತಿಯ ಚೀಲದ ಜೊತೆ ಅತ್ತೆ ಹೊರಗುಳಿದಳು. ಒಳಗೆ ಕಾಕಾ ಕಲ್ಲಿನ ಮೂರ್ತಿಗಳನ್ನು ನೋಡಿ, "ಹಾವೇರ್ಯಾಗ ಸಿದ್ಧೇಶ್ವರನ ಗುಡಿ ಅಂಗಳದಾಗ ಇಂಥಾವು ಬೇಕಾದಷ್ಟು ಅದಾವು, ಟಿಕೆಟ್ಟಿಲ್ದನ," ಎಂದು ಬೇಗ ಬೇಗ ನಡೆದರು. ಎರಡನೆಯ ಚರ್ಚಿನ ಬಳಿ ಮಾತ್ರ ನಾನು, "ಅತ್ತಿ, ಈ ಸಲ ನಾ ಕುಂದರ್ತೇನಿ," ಎಂದೆ. ಇದು ಡೈರಿಯಲ್ಲೂ ಇದೆ. ಆಕೆ, "ಬ್ಯಾಡ, ನೀ ಬರಕೋಬೇಕಲ್ಲ," ಎಂದದ್ದೂ ಇದೆ. ನಾನು ಎರಡನೆಯ ಸಲ ಕೇಳಿದ್ದು ಎಲ್ಲೂ ಇಲ್ಲ.

ತಿರುಗಿ ಬರುವಾಗ ಘಟ್ಟದಲ್ಲಿ ಅತ್ತೆ ಮುಂದಿನ ಸೀಟಿನಿಂದ ಹೊರಳಿ ಕೇಳಿದಳು: "ಛತ್ತ ಕಲ್ಲಿಂದಿತ್ತೋ ಕಟ್ಟಿಗೀದಿತ್ತೋ?"



"ಫ್ಯಾನ್ ಇರಲಿಲ್ಲ, ಅಷ್ಟ್ ಗೊತ್ತು," ಎಂದರು ಕಾಕು, ಅಂದರೆ ಕಾಕಾನ ಹೆಂಡತಿ.

"ಕಲ್ಲಿಂದ," ಎಂದರು ಕಾಕಾ. "ಕಟ್ಟಿಗೀದು," ಎಂದ ಅವರ ಮಗ. ಮೊಬೈಲುಗಳು ಹೊರಬಂದವು. ಒಟ್ಟು ಮುನ್ನೂರಕ್ಕೂ ಹೆಚ್ಚು ಫೋಟೋ. ಕಾಕಾನ ಮುಖ, ಕಾಕುವಿನ ಮುಖ, ಇಬ್ಬರ ಮುಖ, ಮಗನ ಕಪ್ಪು ಕನ್ನಡಕ. ಎಲ್ಲಿಯೂ ಛತ್ತಿಲ್ಲ. ಕೊನೆಗೆ ಎಲ್ಲರೂ ನನ್ನ ಕಡೆ ನೋಡಿದರು, ನಾನು ಬರೆದುಕೊಳ್ಳುವವಳು. ನಾನು ಡೈರಿ ತಿರುವಿ ಹಾಕಿದೆ. ಕಟ್ಟಡದ ಶೈಲಿಯ ಬಗ್ಗೆ ಒಂದೂವರೆ ಪುಟವಿತ್ತು, ಎಲ್ಲವೂ ಬಾಗಿಲ ಬಳಿಯ ಫಲಕದಿಂದ ಇಳಿಸಿಕೊಂಡದ್ದು. ಮೇಲೆ ನೋಡಿದ ನೆನಪು ನನಗಿರಲಿಲ್ಲ.

"ಇರ್ಲಿ ಬಿಡ್ರಿ," ಎಂದು ಅತ್ತೆ ಮುಂದಕ್ಕೆ ತಿರುಗಿದಳು.

ಅದೇ ವರ್ಷ ರಾಣೆಬೆನ್ನೂರಿನಲ್ಲಿ ಒಂದು ಮದುವೆ. ಊಟದ ಪಂಕ್ತಿಗೆ ಕಾಯುತ್ತಿದ್ದಾಗ ನಲವತ್ತರ ಗಂಡಸೊಬ್ಬ ಬಂದು ಅತ್ತೆಯ ಕಾಲು ಮುಟ್ಟಿದ. ಗುತ್ತಲದಲ್ಲಿ ಆಕೆಯ ಕೈಯಲ್ಲಿ ಕಲಿತವನು; ಈಗ ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ.

"ಅಕ್ಕೋರ, ಮತ್ತ ಗೋವಾಕ್ಕ ಹೋಗಿದ್ರಂತ? ಎರಡನೇ ಸಲಾ?"

ಕಾಕಾ ಪಕ್ಕದಲ್ಲೇ ಇದ್ದರು. ಈ ಸುದ್ದಿ ಹಬ್ಬಿಸಿದವರೂ ಅವರೇ ಇರಬೇಕು. ಅತ್ತೆ ಸೆರಗು ಸರಿಮಾಡಿಕೊಂಡು, ವರ್ಗದಲ್ಲಿ ನಿಂತವಳ ಹಾಗೆ ನಿಧಾನಕ್ಕೆ ಹೇಳಿದಳು:

"ಎರಡನೇ ಸಲ ಅಲ್ಲಪಾ, ಮೊದಲ್ನೇದು. ನಿಮಗ ಪಾಠಾ ಮಾಡಿದಾಗ ನಾ ನೋಡಿರಲಿಲ್ಲ. ಸುಳ್ಳ ಹೇಳಿದ್ನಿ. ಈಗ ಹೋಗಿದ್ನಿ, ಈಗೂ ಒಳಗ ಹೋಗಿಲ್ಲ."

ಅವನು ಜೋರಾಗಿ ನಕ್ಕ. "ಚಾಷ್ಟಿ ಮಾಡಬ್ಯಾಡ್ರಿ ಅಕ್ಕೋರ. ಗಂಟಿ ಬಾರಿಸಿದ್ರ ಎದಿಯೊಳಗ ಕೇಳ್ತೈತಿ, ಕಿಡಕಿ ಗಾಜಿನ ಬಣ್ಣಾ ನೆಲಕ್ಕ ಬಿದ್ದು ಕಾಲಿಗೆ ಹತ್ತತೈತಿ ಅಂತ ಹೇಳಿದ್ರಿ. ನೋಡದವರು ಹಂಗ ಹೇಳಾಕ ಆಕ್ಕೈತೇನ್ರಿ? ನಾ ಮೂರ ಸಲಾ ಹೋಗೇನಿ. ನೀವು ಹೇಳಿದಂಗ ಐತ್ರಿ!"

"ಛತ್ತ ಎಂಥಾದೈತಿ?"

"ಛತ್ತ ಯಾರ್ ನೋಡ್ತಾರ್ರಿ?"

"ಏ ಅಕ್ಕಾ, ಮಂದ್ಯಾಗ ಏನೇನರ ಹೇಳಬ್ಯಾಡ," ಎಂದರು ಕಾಕಾ. ಅವರ ಟೂರಿಗೆ ಕೆಟ್ಟ ಹೆಸರು ಬರುತ್ತಿತ್ತು. "ನಾ ಎಲ್ಲಾರಿಗೂ ಎಲ್ಲಾ ಪಾಯಿಂಟ್ ತೋರ್ಸೇನಿ. ಬೇಕಾದ್ರ ಈಕಿನ್ನ ಕೇಳ್ರಿ, ಎಂ.ಎ. ಆದಾಕಿ, ಎಲ್ಲಾ ಬರಕೊಂಡಾಳ."

ಮೂವತ್ತು ವರ್ಷ ಆಕೆಯ ಸುಳ್ಳನ್ನು ಊರು ನಂಬಿತ್ತು. ಒಂದು ದಿನ ಖರೇ ಹೇಳಿದರೆ ಸಾಕ್ಷಿ ಕೇಳುತ್ತಿದೆ. ಸಾಕ್ಷಿ ನಾನು, ನನ್ನ ಡೈರಿಯ 'ಎಲ್ಲರೂ ನೋಡಿದೆವು' ಎಂಬ ಸಾಲೋ ಕಾಕಾನ ಪರವಾಗಿತ್ತು.

"ಅತ್ತಿ ಒಳಗ ಬಂದಿರಲಿಲ್ಲ," ಎಂದೆ. "ಹೊರಗ ಚಪ್ಪಲಿ ಕಾಯಾಕತ್ತಿದ್ಲು. ಅಲ್ಲಿ ಚಪ್ಪಲಿ ಕಳೀಬೇಕಂತನೂ ಇರಲಿಲ್ಲ. ನನಗ ಅವತ್ತ ಗೊತ್ತಿತ್ತು."

ಕಾಕಾ ನನ್ನನ್ನೇ ನೋಡಿದರು. "ಮತ್ತ ಅವತ್ತ ಯಾಕ ಹೇಳ್ಲಿಲ್ಲ?"

ಅಂದರೆ, ನಾನು ಅವರಿಗೆ ಹೇಳಿಯೇ ಇರಲಿಲ್ಲ; ಅವರು ಕೈ ಆಡಿಸಿದ್ದು ನನ್ನ ಕಲ್ಪನೆಯೇ. ಪಂಕ್ತಿ ಎದ್ದಿತು, ಎಲ್ಲರೂ ಎಲೆ ಹಿಡಿಯಲು ಓಡಿದರು. ಅತ್ತೆಯ ಮುಖ ನೋಡಿದೆ, ಏನಾದರೂ ಹೇಳಿಯಾಳೆಂದು. ಆಕೆ ನನ್ನ ಕಡೆ ನೋಡದೆ, "ಹಾವೇರಿಯಿಂದ ಗೋವಾಕ್ಕ ಬಸ್ ಎಷ್ಟಕ್ಕೈತಿ?" ಎಂದಳು.

"ನಾನೂ ಬರ್ತೇನಿ ಅತ್ತಿ."

"ಬ್ಯಾಡ. ಒಬ್ಬಾಕೀನ ಹೊಕ್ಕೇನಿ."

ಮುಂದಿನ ವಾರ ಹೋದಳು, ಒಂದು ಸಣ್ಣ ಚೀಲ ಹಿಡಿದು. ಮೂರನೆಯ ದಿನ ಮುಂಜಾನೆ ಹಾವೇರಿ ಬಸ್ ನಿಲ್ದಾಣಕ್ಕೆ ನಾನೇ ಸ್ಕೂಟರ್ ತೆಗೆದುಕೊಂಡು ಹೋದೆ. ಬಿಸಿಲಿಗೆ ಸ್ವಲ್ಪ ಕಪ್ಪಾಗಿದ್ದಳು. ಹಿಂದೆ ಕುಳಿತವಳು ಮನೆ ಬರುವವರೆಗೆ ಗೋವಾದ ಸುದ್ದಿ ತೆಗೆಯಲಿಲ್ಲ. ಬಸ್ಸಿನ ಕಂಡಕ್ಟರ್, ಪಕ್ಕದ ಸೀಟಿನ ಹೆಂಗಸು, ದಾರಿಯಲ್ಲಿ ಕುಡಿದ ಎರಡು ಚಹಾದ ರುಚಿ, ಇದೇ ಮಾತು. ನಾನೇ ತಡೆಯಲಾರದೆ, ಬಾಗಿಲಲ್ಲಿ ನಿಂತು ಕೇಳಿದೆ:

"ನೋಡಿದ್ಯಾ ಅತ್ತಿ? ಛತ್ತ ಕಲ್ಲಿಂದೋ ಕಟ್ಟಿಗೀದೋ?"

"ನೋಡ್ನಿ," ಎಂದಳು, ಚಪ್ಪಲಿ ಕಳೆಯುತ್ತ. "ಪೂರಾ ನೋಡ್ನಿ. ಆದ್ರ ನಿನಗ ಹೇಳೂದಿಲ್ಲ. ಹೇಳೂದು ಸಾಕಾತು. ನೀ ಹೋಗಿ ನೋಡು."

ನಾನಿನ್ನೂ ಹೋಗಿಲ್ಲ.